ಕೆಂಪು ಕಟ್ಟಿನ ಲಡಿ

ಆಗ ನನಗೆ ಹನ್ನೊಂದು ವರ್ಷ. ಅರವತ್ತೆಂಟು ವರ್ಷ ಕಳೆಯಿತು. ನಮ್ಮ ಊರು ಕೆಂಗೇರಿಯಿಂದ ಒಂದೂವರೆ ಮೈಲಿ ಒಳಗಿತ್ತು. ಈಗ ಊರೂ ಇಲ್ಲ, ಒಳಗೆ ಅನ್ನುವುದೂ ಇಲ್ಲ, ಎಲ್ಲ ಸೈಟು. ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ನಮ್ಮ ಮನೆಯ ಪಡಸಾಲೆಯಲ್ಲೇ ಕೂತು. ಮೊನ್ನೆ ಮೊಮ್ಮಗಳು ಒಂದು ಹಳೆಯ ಪುಸ್ತಕ ತಂದು ತೋರಿಸಿದಳು. ನಮ್ಮೂರು ಹೇಗೆ ತನ್ನ ಕಾಲ ಮೇಲೆ ತಾನು ನಿಂತಿತು, ಹೇಗೆ ಹತ್ತೂರಿಗೆ ದಾರಿ ತೋರಿಸಿತು ಎಂದೆಲ್ಲ ಅದರಲ್ಲಿ ಬರೆದಿದೆ. ಅಪ್ಪನ ಫೋಟೋ ಕೂಡ ಇದೆ. ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದಾನೆ. ಲೋಟ ಹಿಡಿದಿರುವ ಇನ್ನೊಬ್ಬರ ಕೈ ಮೊಣಕೈವರೆಗೆ ಮಾತ್ರ ಕಾಣುತ್ತದೆ. ಆ ಕೈ ಯಾರದು ಎಂದು ಬರೆದಿಲ್ಲ. ಅದು ಚೌಡಿಯ ಕೈ. ಅಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ನಮ್ಮೂರು ಹೆಂಡಕ್ಕೂ ಹೊಡೆದಾಟಕ್ಕೂ ಹೆಸರಾಗಿತ್ತು. ನಮ್ಮೂರ ಹೆಣ್ಣು ಎಂದರೆ ಸಂಬಂಧ ಮಾತಾಡಲು ಕೂತವರು ಎದ್ದುಹೋಗುತ್ತಿದ್ದರು. ಬೀದಿಯ ಉದ್ದಕ್ಕೂ ತಿಪ್ಪೆ, ತಿಪ್ಪೆಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ. ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬ ಮೇಷ್ಟ್ರು ಬಂದರು. ಮೊಣಕಾಲ ಮೇಲೆ ಪಂಚೆ, ಹೆಗಲಿಗೆ ಚೀಲ, ಕೈಯಲ್ಲಿ ಪೊರಕೆ. ಯಾರನ್ನೂ ಮಾತಾಡಿಸದೆ ಬೀದಿಯ ಆ ತುದಿಯಿಂದ ಗುಡಿಸಿಕೊಂಡು ಬಂದರು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಜಗುಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದವಳು ಕೂಗಿ ಕೇಳಿದಳು:

"ಯಾಕಪ್ಪಾ, ಹೆಂಡ್ರು ಮನೆಯಿಂದ ಓಡ್ಸವ್ಳಾ?"

"ನನಗೆ ಮದುವೆ ಇಲ್ಲ ತಾಯಿ."

"ಹಂಗಾದ್ರೆ ಸರಿ. ಇದ್ದಿದ್ರೆ ಪೊರಕೆ ಅವ್ಳ ಕೈಲಿರೋದು."

ಮೇಷ್ಟ್ರು ನಕ್ಕರು. ಒಂದು ತಿಂಗಳಲ್ಲಿ ಅಪ್ಪನೂ ಪೊರಕೆ ಹಿಡಿದ. ಅಪ್ಪ ಊರಿನ ಯಜಮಾನ, ಎಲ್ಲರೂ ಅಣ್ಣಯ್ಯ ಎನ್ನುತ್ತಿದ್ದರು. ಅವನು ಹಿಡಿದ ಮೇಲೆ ಊರೇ ಹಿಡಿಯಿತು. ತಿಪ್ಪೆಗಳು ಊರಾಚೆ ಹೋದವು. ಕೆಂಗೇರಿ ರಸ್ತೆಗೆ ಊರಿನವರೇ ಕಲ್ಲು ಹೊತ್ತು ದಾರಿ ಮಾಡಿದರು. ಹೆಂಡದ ಮಡಕೆಗಳನ್ನು ಅರಳಿಕಟ್ಟೆಯ ಮುಂದೆ ಒಡೆದರು. ಎಣ್ಣೆಗೆ ಗಾಣ ಬಂತು, ಬೇವಿನೆಣ್ಣೆಯಲ್ಲಿ ಸೋಪು ಮಾಡುವುದು ಬಂತು, ಜೇನು ಸಾಕುವ ಪೆಟ್ಟಿಗೆ ಬಂತು, ಮನೆಗೊಂದು ಚರಕ ಬಂತು. ನಮ್ಮ ಪಡಸಾಲೆಯೇ ಕೇಂದ್ರವಾಯಿತು. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಪಾಠ, ಸಂಜೆ ನೂಲು. ಊರಿಗೆ ಬೇಕಾದದ್ದೆಲ್ಲ ಊರಲ್ಲೇ ಆಗಬೇಕು, ಹೊರಗಿನದು ಏನೂ ಬರಬಾರದು ಎಂದು ನೇಮ. ಬೆಂಗಳೂರಿಂದ ಕಾರು ಮಾಡಿಕೊಂಡು ಜನ ನೋಡಲು ಬರತೊಡಗಿದರು. ಅಲ್ಲಿಯವರೆಗೆ ನಮ್ಮೂರನ್ನು ದಾಟಿ ಹೋಗುವವರಿದ್ದರೇ ಹೊರತು ನೋಡಲು ಬರುವವರು ಇರಲಿಲ್ಲ.

ಊರು ಒಳ್ಳೆಯದಾಯಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಆಯಿತು. ವರ್ಷಕ್ಕೆ ಮೂರು ಮಕ್ಕಳು ಭೇದಿಯಲ್ಲಿ ಹೋಗುತ್ತಿದ್ದದ್ದು ನಿಂತಿತು. ಆದರೆ ಊರು ತನ್ನ ಕಾಲ ಮೇಲೆ ನಿಂತಾಗ ಆ ಕಾಲಿನ ಕೆಳಗೆ ಇದ್ದವರು ಹೆಂಗಸರು. ಕೆಂಗೇರಿಯಲ್ಲಿ ಹಿಟ್ಟಿನ ಮಿಷನ್ನು ಇತ್ತು, ರಾಗಿ ಹೊತ್ತುಕೊಂಡು ಹೋದರೆ ಕಾಲು ಗಂಟೆಯಲ್ಲಿ ಹಿಟ್ಟಾಗುತ್ತಿತ್ತು. ಮಿಷನ್ನು ಕೂಡದು ಎಂದು ಗಂಡಸರು ಕೈ ಎತ್ತಿ ಒಪ್ಪಿದರು. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿಗೆ ಕೂರಬೇಕಾಯಿತು. ಕೈ ಎತ್ತಿದವರು ಅದೇ ಹೊತ್ತಿಗೆ ಪಡಸಾಲೆಯಲ್ಲಿ ಭಜನೆ ಮಾಡುತ್ತಿದ್ದರು. ಬೀಸುವ ಕಲ್ಲಿನ ಸದ್ದು ಭಜನೆಗೆ ಚೆನ್ನಾಗಿ ಕೂಡಿಬರುತ್ತದೆ ಎಂದು ಮೇಷ್ಟ್ರು ಒಮ್ಮೆ ಹೊಗಳಿದರು.

ಅಪ್ಪನ ವಿಷಯ ಹೇಳಬೇಕು. ಮೊದಲು ಅವನು ಹೊಡೆಯುತ್ತಿದ್ದ. ಅವ್ವನನ್ನು, ನನ್ನನ್ನು, ಎತ್ತುಗಳನ್ನು. ಹೊಡೆದು, ಉಂಡು, ಮರೆಯುತ್ತಿದ್ದ. ನಾವೂ ಹಾಗೇ, ಅತ್ತು, ಉಂಡು, ಮರೆಯುತ್ತಿದ್ದೆವು. ಮೇಷ್ಟ್ರ ಸಹವಾಸವಾದ ಮೇಲೆ ಊರೆಲ್ಲ ಸೇರಿದ್ದಾಗ, ಇನ್ನು ಯಾರ ಮೈಮೇಲೂ ಕೈ ಮಾಡುವುದಿಲ್ಲ ಎಂದು ಆಣೆ ಮಾಡಿದ. ಆಣೆಗೆ ತಪ್ಪಲಿಲ್ಲ. ಅದರ ಬದಲು ಉಪವಾಸ ಕೂರತೊಡಗಿದ. ಮನೆಯಲ್ಲಿ ಯಾರೇ ತಪ್ಪು ಮಾಡಲಿ, ಅದು ತನ್ನದೇ ತಪ್ಪು ಎಂದು ಪಡಸಾಲೆಯ ಕಂಬಕ್ಕೆ ಒರಗಿ ಚಾಪೆ ಹಾಕಿಕೊಂಡು ಕೂತುಬಿಡುತ್ತಿದ್ದ. ಊರೆಲ್ಲ ಬಂದು ಸುತ್ತ ಕೂರುತ್ತಿತ್ತು. ಬಂದ ಹೆಂಗಸರು ಹೋಗುವಾಗ ನನ್ನ ತೊಡೆ ಚಿವುಟಿ, "ಪಾಪಿ ಮುಂಡೇದೆ, ದೇವ್ರಂಥೋನ ಹೊಟ್ಟೆ ಸುಡ್ತೀಯಲ್ಲ" ಎಂದು ಹೋಗುತ್ತಿದ್ದರು. ಬೆಲ್ಲ ಕದ್ದದ್ದಕ್ಕೆ ಮೊದಲಾದರೆ ಎರಡು ಏಟು. ಈಗ ಒಂದು ಊರು.

ಅದಕ್ಕಿಂತ ಕೆಟ್ಟದ್ದು ಅವ್ವನ ಪಾಡು. ಗಂಡ ಉಣ್ಣದೆ ಹೆಂಡತಿ ಉಣ್ಣುವ ಹಾಗಿಲ್ಲ. ಅವನು ಉಂಡ ತಟ್ಟೆಯಲ್ಲೇ ಅವಳು ಉಣ್ಣಬೇಕು. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ, ಎಂಟು ತಿಂಗಳಲ್ಲಿ, ಕೂತು ಬೀಸಲು ಆಗದೆ ಅವ್ವ ಪಕ್ಕದ ಮನೆಯವಳ ಕೈಲಿ ಕದ್ದು ರಾಗಿ ಕಳಿಸಿ ಮಿಷನ್ನಿನ ಹಿಟ್ಟು ಮಾಡಿಸಿಕೊಂಡಳು. ಅಪ್ಪ ಒಂದು ತುತ್ತು ಮುದ್ದೆ ಬಾಯಿಗಿಟ್ಟ. ನಿಲ್ಲಿಸಿದ.

"ಇದು ಕಲ್ಲಿನ ಹಿಟ್ಟಲ್ಲ."

ಅಷ್ಟೇ ಹೇಳಿದ್ದು. ಎದ್ದುಹೋಗಿ ಕಂಬಕ್ಕೆ ಒರಗಿದ. ಎರಡು ದಿನ. ಎಂಟು ತಿಂಗಳ ಬಸುರಿ ಅವ್ವನೂ ಎರಡು ದಿನ ನೀರು ಕುಡಿದುಕೊಂಡು ಇದ್ದಳು. ಅಜ್ಜಿ ಮಾತ್ರ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ತನಗೆ ತಾನೇ ಮುದ್ದೆ ತೊಳಸಿಕೊಂಡಳು. "ನನ್ ಗಂಡ ಸತ್ತ ದಿನವೇ ನನ್ ಉಪಾಸ ಮುಗೀತು. ಇವ್ನು ನಾನು ಹೆತ್ತೋನು. ಹೆತ್ತ ಮಗನಿಗೋಸ್ಕರ ಹಸ್ಕೊಂಡಿರು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ" ಎಂದು ಅಪ್ಪನಿಗೆ ಕೇಳುವ ಹಾಗೆ ಹೇಳಿ, ಸಪ್ಪಳ ಮಾಡಿಕೊಂಡು ಸಾರು ಸುರಿದು ಉಂಡಳು. ಇಡೀ ಊರಿನಲ್ಲಿ ಚರಕ ಮುಟ್ಟದವಳು ಅವಳೊಬ್ಬಳೇ.

ಚೌಡಿ ನಮ್ಮ ಮನೆಗೆ ಬಂದದ್ದು ಆ ವರ್ಷವೇ. ಊರಾಚೆ ಕೇರಿಯ ಹುಡುಗಿ, ನನಗಿಂತ ಎರಡು ವರ್ಷ ದೊಡ್ಡವಳು, ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಕೀಳು ಮೇಲು ಇಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಮನೆಯಲ್ಲಿ ಇಟ್ಟುಕೊಂಡು ತೋರಿಸಬೇಕು ಎಂದು ಮೇಷ್ಟ್ರು ಹೇಳಿದರು. ಅಪ್ಪ ಕರೆದುಕೊಂಡು ಬಂದ. ಮೇಷ್ಟ್ರು ಅವಳಿಗೆ ನಿರ್ಮಲ ಎಂದು ಹೆಸರಿಟ್ಟರು. ಹೊರಗಿನವರು ಬಂದಾಗ ನಿರ್ಮಲ, ಹೋದ ಮೇಲೆ ಚೌಡಿ. ಅಪ್ಪನನ್ನು 'ಅಪ್ಪ' ಎಂದು ಕರೆಯಬೇಕೆಂದು ಕಲಿಸಿದರು. ಅವಳು ಕಲಿತಳು. ಹೆದರಿಕೆಯಾದಾಗ ಮಾತ್ರ ಬಾಯಿಂದ ಧಣಿಗಳನ್ನು ಕರೆಯುವ ಹಳೆಯ 'ಬುದ್ಧಿ'ಯೇ ಬರುತ್ತಿತ್ತು.

ನಮ್ಮ ಮನೆಯ ಲೆಕ್ಕಾಚಾರ ಹೀಗಿತ್ತು. ಮುಂದೆ ಜಗುಲಿ, ಆಮೇಲೆ ಪಡಸಾಲೆ, ಅದರಾಚೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿಯಿಲ್ಲದ ಕತ್ತಲೆ ಕೋಣೆ. ಕತ್ತಲೆ ಕೋಣೆಯಲ್ಲಿ ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆಗಳು. ಚೌಡಿ ಪಡಸಾಲೆಯವರೆಗೆ ಬರಬಹುದು. ನಡುಮನೆಯ ಹೊಸಿಲು ದಾಟುವ ಹಾಗಿಲ್ಲ. ಅವಳ ತಟ್ಟೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ದಿನ ಅವ್ವ ಹೊಸಿಲಿನಲ್ಲಿ ನಿಂತು ಅವಳನ್ನು ನೋಡಿದಳು, ಅವಳು ಅಲ್ಲೇ ನಿಂತಳು, ಮುಗಿಯಿತು. ನೋಡುವ ಜನ ಬಂದಾಗ ಪಡಸಾಲೆಯಲ್ಲೇ ಪಂಕ್ತಿ ಹಾಕುತ್ತಿದ್ದರು. ಆಗ ಚೌಡಿ ನನ್ನ ಪಕ್ಕ ಕೂತು, ನಮ್ಮಂಥದೇ ತಟ್ಟೆಯಲ್ಲಿ ಉಣ್ಣುತ್ತಿದ್ದಳು. "ಈ ಮನೆಯ ಎಲ್ಲಾ ಕೋಣೆಯೂ ಅವಳದೇ" ಎಂದು ಅಪ್ಪ ಬಂದವರಿಗೆ ಹೇಳುತ್ತಿದ್ದ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜಿ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು:

"ಕಾರು ಇರೋಗಂಟ ಮಗ್ಳು. ಕಾರು ಹೋದ್ಮೇಲೆ ಕೊಟ್ಟಿಗೆ."

ಚೌಡಿ ಚೆನ್ನಾಗಿ ನೂಲುತ್ತಿದ್ದಳು. ಹಿಂಜಿ ಸುತ್ತಿದ ಹತ್ತಿಯ ಹಂಜಿ ಅವಳ ಕೈಯಲ್ಲಿ ಹಾಲಿನ ಧಾರೆಯ ಹಾಗೆ ಎಳೆಯಾಗಿ ಬರುತ್ತಿತ್ತು. ನನ್ನದು ಒಂದು ಕಡೆ ಹುಳದಷ್ಟು ದಪ್ಪ, ಒಂದು ಕಡೆ ಕೂದಲಷ್ಟು ಸಣ್ಣ, ಮಾರಿಗೊಮ್ಮೆ ಪಟ್ಟನೆ ತುಂಡು. ನಮ್ಮ ಮನೆಯ ನೇಮ ಏನೆಂದರೆ, ವಾರಕ್ಕೊಂದು ಲಡಿ, ಅಂದರೆ ಒಂದು ಸುರುಳಿ, ನೂಲು ಒಪ್ಪಿಸಬೇಕು, ಒಪ್ಪಿಸದವರಿಗೆ ಆ ಸಂಜೆ ಮುದ್ದೆ ಇಲ್ಲ. ಯಾರ ಲಡಿ ಯಾವುದು ಎಂದು ಗೊತ್ತಾಗಲು ಒಬ್ಬೊಬ್ಬರೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟುತ್ತಿದ್ದೆವು. ಅಪ್ಪನದು ಬಿಳಿ, ಅವ್ವನದು ಹಸಿರು, ಚೌಡಿಯದು ಕಂಬಳಿಯ ಕರಿ ದಾರ, ನನ್ನದು ಕೆಂಪು. ಅಜ್ಜಿಯ ಹಳೆಯ ಸೀರೆಯ ಅಂಚು ಹರಿದು ಮಾಡಿಕೊಂಡದ್ದು.

ತಮ್ಮ ಹುಟ್ಟಿ ಮೂರು ತಿಂಗಳಾಗಿತ್ತು. ದೊಡ್ಡವರೊಬ್ಬರು ಊರು ನೋಡಲು ಬರುತ್ತಾರೆ, ಅವರು ಒಪ್ಪಿದರೆ ಹತ್ತೂರಿನ ಜನಕ್ಕೆ ಇಲ್ಲೇ ತರಬೇತಿ ಶಾಲೆ ಕಟ್ಟುತ್ತಾರೆ ಎಂದು ಸುದ್ದಿ ಬಂತು. ಹೂವಿನ ಹಾರ ಅವರು ಮುಟ್ಟುವುದಿಲ್ಲವಂತೆ, ಕೈನೂಲಿನ ಹಾರವೇ ಆಗಬೇಕಂತೆ. ನಮ್ಮ ಮನೆಯ ನಾಲ್ಕು ಕೈಗಳ ನಾಲ್ಕು ಲಡಿ ಹೊಸೆದು ಹಾರ ಮಾಡೋಣ, ಚೌಡಿಯ ಕೈಲಿ ಹಾಕಿಸೋಣ ಎಂದು ಅಪ್ಪನೂ ಮೇಷ್ಟ್ರೂ ಗೊತ್ತು ಮಾಡಿದರು. ನನ್ನ ಲಡಿ ಅರ್ಧವೂ ಆಗಿರಲಿಲ್ಲ. ಹಿಂದಿನ ವಾರವೇ ಒಂದು ಸಂಜೆ ಉಪವಾಸ ಮಲಗಿದ್ದೆ.

ನನ್ನ ಸೋದರಮಾವ ಬೆಂಗಳೂರಲ್ಲಿ ಬಟ್ಟೆ ಗಿರಣಿಯಲ್ಲಿದ್ದ. ಬಂದಾಗಲೆಲ್ಲ ಅಜ್ಜಿಗೆ ಕೌದಿ ಹೊಲಿಯಲು ಅಂತ ಗಿರಣಿಯ ನೂಲಿನ ಉಂಡೆ ಕದ್ದು ತರುತ್ತಿದ್ದ. ಅಜ್ಜಿ ಅದನ್ನು ಕತ್ತಲೆ ಕೋಣೆಯಲ್ಲಿ ವಾಡೆಯೊಳಗೆ ರಾಗಿಯ ಕೆಳಗೆ ಹುಗಿದಿಡುತ್ತಿದ್ದಳು. ನನಗೆ ಗೊತ್ತಿತ್ತು. ನಾನು ಹೋಗಿ, ವಾಡೆಗೆ ತೋಳು ಪೂರ್ತಿ ಇಳಿಸಿ, ಉಂಡೆ ತೆಗೆದೆ. ಗಿರಣಿ ನೂಲನ್ನು ಒಳಗೆ ಸುತ್ತಿ, ಅದರ ಮೇಲೆ ನನ್ನ ಗಂಟುಗಂಟು ನೂಲು ಸುತ್ತಿ, ಕೆಂಪು ಕಟ್ಟು ಹಾಕಿ ಒಪ್ಪಿಸಿದೆ. ಆ ಸಂಜೆ ಎರಡು ಮುದ್ದೆ ಉಂಡೆ. ಹೆದರಿಕೆ ಇತ್ತೇ ಎಂದರೆ, ಇರಲಿಲ್ಲ. ಹಸಿವಿತ್ತು.

ದೊಡ್ಡವರು ಬಂದರು. ಸಣಕಲು ಮುದುಕ, ಬೊಚ್ಚು ಬಾಯಿ, ಮಾತಿಗಿಂತ ನಗು ಜಾಸ್ತಿ. ಗಾಣ ನೋಡಿದರು, ಸೋಪು ಮೂಸಿದರು. ಅರಳಿಕಟ್ಟೆಯ ಮೇಲೆ ಕೂರಿಸಿ ಚೌಡಿ ಹಾರ ಹಾಕಿದಳು. ಊರು ಚಪ್ಪಾಳೆ ತಟ್ಟಿತು. ಅಪ್ಪ ಮಾತಾಡುತ್ತಿದ್ದಾಗ ಮುದುಕ ಕೂತಲ್ಲೇ ಹಾರದೊಳಗೆ ಬೆರಳಾಡಿಸುತ್ತಿದ್ದರು. ನೂಲುವವರ ಕೈ ಸುಮ್ಮನಿರುವುದಿಲ್ಲ. ಒಂದು ಎಳೆ ಹೊರಗೆ ತೆಗೆದು ಎಳೆದರು. ನಮ್ಮ ನೂಲಾಗಿದ್ದರೆ ತುಂಡಾಗಬೇಕಿತ್ತು. ಆಗಲಿಲ್ಲ. ಬೆರಳಿಗೆ ಸುತ್ತಿ ಇನ್ನೂ ಜೋರಾಗಿ ಎಳೆದರು. ಬೆರಳು ಕುಯ್ದು ರಕ್ತ ಬಂತೇ ಹೊರತು ನೂಲು ಹರಿಯಲಿಲ್ಲ.

"ಅಣ್ಣಯ್ಯನವರೆ, ನಿಮ್ಮೂರ ಚರಕಕ್ಕೆ ಕರೆಂಟು ಕೊಟ್ಟಿದ್ದೀರೇನು?"

ನಕ್ಕುಕೊಂಡೇ ಕೇಳಿದರು. ಅರ್ಧ ಜನಕ್ಕೆ ಅರ್ಥವಾಗದೆ ಅವರೂ ನಕ್ಕರು. ಅಪ್ಪ ಬಂದು ಎಳೆ ಹಿಡಿದು ನೋಡಿದ. ಅವನ ಮುಖ ಸುಣ್ಣದ ಗೋಡೆ ಆಯಿತು. ದೊಡ್ಡವರು ಹಾರವನ್ನು ತೆಗೆದು ಅಪ್ಪನ ಕೈಯಲ್ಲೇ ಇಟ್ಟು, ಬೆನ್ನು ತಟ್ಟಿ, ಕಾರು ಹತ್ತಿದರು. ಶಾಲೆಯ ಮಾತೇ ಎತ್ತಲಿಲ್ಲ.

ಅಪ್ಪ ಹಾರವನ್ನು ತಂದು ಪಡಸಾಲೆಯ ಕಂಬದ ಮೊಳೆಗೆ ನೇತುಹಾಕಿದ. ಅದರ ಕೆಳಗೆ ಚಾಪೆ ಹಾಸಿದ. ಊರೆಲ್ಲ ನಿಂತಿತ್ತು.

"ಈ ಮನೇಲಿ ಸುಳ್ಳು ಸೇರ್ಕೊಂಡಿದೆ. ಇದನ್ನ ಯಾರು ಮಾಡಿದ್ರೋ ಅವ್ರು ಬಂದು ನನ್ನ ಮುಂದೆ ಹೇಳೋವರ್ಗೂ ನಾನು ಬಾಯಿಗೆ ಏನೂ ಹಾಕಲ್ಲ. ಯಾರನ್ನೂ ಕೇಳಲ್ಲ. ಹುಡುಕೋದೂ ಇಲ್ಲ."

ನನಗೆ ಆಗ ನೆನಪಾದದ್ದು ಕೆಂಪು ಕಟ್ಟು. ಹಾರ ಹೊಸೆಯುವಾಗ ನಾಲ್ಕು ಲಡಿಯ ಕಟ್ಟುಗಳನ್ನೂ ಹಾಗೇ ಬಿಟ್ಟಿದ್ದರು. ಯಾರು ಬಿಚ್ಚಿ ನೋಡಿದರೂ ಗಿರಣಿ ನೂಲಿನ ಲಡಿಗೆ ಕೆಂಪು ಕಟ್ಟು ಇರುವುದು ಕಾಣುತ್ತದೆ. ಮಾರನೆಯ ದಿನ ಅಪ್ಪ ಸ್ನಾನಕ್ಕೆ ಬಾವಿಗೆ ಹೋದಾಗ, ಕಸ ಗುಡಿಸುವ ನೆಪದಲ್ಲಿ ಹಾರ ತಡಕಿ ನೋಡಿದೆ. ಬಿಳಿ ಇತ್ತು, ಹಸಿರು ಇತ್ತು, ಕರಿ ಇತ್ತು. ಕೆಂಪು ಇರಲಿಲ್ಲ. ಅರಳಿಕಟ್ಟೆಯಲ್ಲಿ ಎಳೆದಾಡುವಾಗ ಬಿದ್ದುಹೋಗಿರಬೇಕು ಎಂದುಕೊಂಡೆ. ಮೈ ಹಗುರವಾಯಿತು. ಬಾಯಿ ಬಿಡಬಾರದು ಎಂದು ಆಗಲೇ ಗಟ್ಟಿಮಾಡಿಕೊಂಡೆ.

ಅಜ್ಜಿಗೆ ಗೊತ್ತಾಗಿತ್ತು. ವಾಡೆಗೆ ಕೈ ಹಾಕಿ ನೋಡಿ, ಉಂಡೆ ಕರಗಿದ್ದು ಕಂಡು, ನನ್ನ ಜುಟ್ಟು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ನೀನೇ ಅಲ್ವೇನೇ?"

"ನೂಲು ತಂದಿಟ್ಕಂಡೋಳು ನೀನು. ಹೇಳಿದ್ರೆ ಇಬ್ರದೂ ಹೇಳ್ತೀನಿ."

ಅಜ್ಜಿ ಜುಟ್ಟಿನ ಹಿಡಿತ ಸಡಿಲಿಸಿದಳು. "ನೀನು ನನ್ ಹೊಟ್ಟೇಲಿ ಹುಟ್ಬೇಕಾಗಿತ್ತು ಕಣೇ. ನಿಮ್ಮಪ್ಪ ತಪ್ಪಿ ಹುಟ್ದ" ಎಂದು ಬಿಟ್ಟುಬಿಟ್ಟಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಆಮೇಲೆ ಯಾರಿಂದಲೂ ಸಿಗಲಿಲ್ಲ.

ಎರಡನೆಯ ದಿನಕ್ಕೆ ಅವ್ವನ ಎದೆಹಾಲು ಕಮ್ಮಿಯಾಯಿತು. ಮೂರನೆಯ ದಿನ ಬೆಳಿಗ್ಗೆ ನಿಂತೇಹೋಯಿತು. ಮಗು ಬಾಯಿ ಹಾಕುವುದು, ಎಳೆಯುವುದು, ಬಿಟ್ಟು ಕಿರುಚುವುದು. ಅಜ್ಜಿ ಮೇಕೆ ಹಾಲು ತಂದಳು, ಅದನ್ನು ಕಕ್ಕಿತು. ಅವ್ವನಿಗೆ ಮುದ್ದೆ ತೊಳಸಿ ತಂದು, "ತಿನ್ನೇ, ಅವ್ನಿಗೆ ಕಾಣ್ದಂಗೆ ತಿನ್ನು" ಎಂದಳು. ಅವ್ವ ಮುಖ ತಿರುಗಿಸಿದಳು. "ಅವರು ಹಸ್ಕೊಂಡಿರುವಾಗ ನಾನು ತಿಂದ್ರೆ ನನ್ ಮಗೀಗೆ ಒಳ್ಳೇದಾಗಲ್ಲ ಅತ್ತೆ" ಎಂದಳು. ಉಪವಾಸದಿಂದಲೇ ಕೆಡುಕಾಗುತ್ತಿದೆ ಎಂದು ಅವಳ ತಲೆಗೆ ಹೋಗಲೇ ಇಲ್ಲ. ಪಡಸಾಲೆಯಲ್ಲಿ ಭಜನೆ, ಒಳಗೆ ಮಗುವಿನ ಅಳು. ಮಧ್ಯಾಹ್ನದ ಹೊತ್ತಿಗೆ ಅಳು ಸಣ್ಣದಾಯಿತು. ಬೆಕ್ಕಿನ ಮರಿಯ ಹಾಗೆ. ಅಳು ಸಣ್ಣದಾದದ್ದೇ ಹೆದರಿಕೆ ಹುಟ್ಟಿಸಿತು. ಅವ್ವ ನಡುಮನೆಯ ಹೊಸಿಲಿನ ಈಚೆ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಹೊಸಿಲಿನ ಆಚೆ ಚೌಡಿ ಕೂತಿದ್ದಳು. ನಾನು ಅವ್ವನ ಪಕ್ಕ.

"ಯಾರಾದ್ರೂ ಒಪ್ಕೊಳ್ರೇ" ಎಂದಳು ಅವ್ವ. ನನ್ನನ್ನು ನೋಡಲಿಲ್ಲ, ಚೌಡಿಯನ್ನೂ ನೋಡಲಿಲ್ಲ. "ಯಾರಾದ್ರೂ ಸರಿ."

ನಾನು ಎದ್ದು ಪಡಸಾಲೆಗೆ ಹೋದೆ. ಭಜನೆ ನಿಂತಿತು. ಅಪ್ಪ ಕಣ್ಣು ಬಿಟ್ಟ. ತುಟಿ ಒಡೆದಿತ್ತು. ನನ್ನನ್ನೇ ನೋಡಿದ, ಕಾಯುವವನ ಹಾಗೆ. ಒಂದು ಏಟು ಹೊಡೆದು ಕೇಳಿದ್ದರೆ ನಾನೇ ಎಂದುಬಿಡುತ್ತಿದ್ದೆ. ಅವನು ಕೇಳಲಿಲ್ಲ. ಊರೆಲ್ಲ ನೋಡುತ್ತಿತ್ತು.

"ಚೌಡಿ ಸೇರಿಸಿದ್ದು" ಎಂದೆ. "ವಾಡೆಯಿಂದ ಗಿರಣಿ ನೂಲು ಕದ್ದು ಸೇರಿಸಿದ್ದು. ನಾನು ನೋಡ್ದೆ."

ನಡುಮನೆ ದಾಟದವಳು ಕತ್ತಲೆ ಕೋಣೆಯ ವಾಡೆಗೆ ಹೇಗೆ ಕೈ ಹಾಕಿದಳು? ನಮ್ಮ ಮನೆಯ ಪ್ರತಿಯೊಬ್ಬರಿಗೂ ಅದು ಆ ಗಳಿಗೆಯಲ್ಲೇ ಹೊಳೆದಿರಬೇಕು. ಅವ್ವನಿಗೆ ಹೊಳೆಯಿತು, ಅವಳು ತಲೆ ತಗ್ಗಿಸಿದ್ದನ್ನು ಕಂಡೆ. ಆದರೆ ಕೇಳುವುದು ಹೇಗೆ? ಕೇಳಿದರೆ, ಅವಳನ್ನು ಒಳಗೆ ಬಿಟ್ಟೇ ಇಲ್ಲ ಎಂದು ಊರ ಮುಂದೆ, ಮೇಷ್ಟ್ರ ಮುಂದೆ ಹೇಳಬೇಕಾಗುತ್ತಿತ್ತು. ಎಲ್ಲಾ ಕೋಣೆಯೂ ಅವಳದೇ ಎಂದು ಅಪ್ಪನೇ ಹೇಳಿದ್ದನಲ್ಲ. ನನ್ನ ಸುಳ್ಳಿಗೆ ಅಪ್ಪನ ಸುಳ್ಳು ಗೋಡೆಯ ಹಾಗೆ ಒತ್ತಾಸೆಯಾಗಿ ನಿಂತಿತು. ನಾನು ಹಾಗೆ ಲೆಕ್ಕ ಹಾಕಿ ಹೇಳಿದೆನೇ ಎಂದು ಕೇಳಿದರೆ, ಗೊತ್ತಿಲ್ಲ. ಹಾಕಿರಬಹುದು.

ಮೇಷ್ಟ್ರು ಚೌಡಿಯನ್ನು ಕರೆದರು. ಅವಳು ಬಂದು ಕಂಬದ ಹತ್ತಿರ ನಿಂತಳು. ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕುಂಟುವ ಎತ್ತನ್ನು ನೋಡಿ, ಎಷ್ಟು ದೂರ ಹೋದೀತು ಎಂದು ಅಂದಾಜು ಮಾಡುವವರ ಹಾಗೆ.

"ನೀನೇನಮ್ಮ ನಿರ್ಮಲ?"

"ಹೂಂ ಬುದ್ಧಿ. ನಾನೇಯ."

ಅಪ್ಪ ಕ್ಷೀಣವಾದ ದನಿಯಲ್ಲಿ ತಿದ್ದಿದ:

"ಬುದ್ಧಿ ಅನ್ಬಾರ್ದು. ಅಪ್ಪ ಅನ್ನು."

"ಹೂಂ ಅಪ್ಪ. ನಾನೇಯ."

ಮಗುವಿಗೋಸ್ಕರ ಒಪ್ಪಿಕೊಂಡಳು ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಹಾಗೆ ಹೇಳಿಕೊಂಡರೆ ಅವ್ವನಿಗೆ ನೆಮ್ಮದಿ. ಚೌಡಿಯ ತಟ್ಟೆಗೆ ಮುದ್ದೆ ಹಾಕಬೇಕಾದವಳು ಅವ್ವ. ಮೂರು ದಿನ ಅವ್ವ ಒಲೆ ಹಚ್ಚಿರಲಿಲ್ಲ. ಅಜ್ಜಿ ತನಗೂ ನನಗೂ ಮಾಡಿಕೊಂಡಳು, ಸೂರಿನ ತಟ್ಟೆಯನ್ನು ಯಾರೂ ಇಳಿಸಲಿಲ್ಲ. ಚೌಡಿಗೂ ಹಸಿವಾಗಿತ್ತು, ಅಷ್ಟೆ. ಒಪ್ಪದಿದ್ದರೂ ಅವಳದೇ ಆಗುತ್ತಿತ್ತು, ಒಪ್ಪಿದರೆ ಬೇಗ ಆಗುತ್ತಿತ್ತು. ಅವಳು ದಡ್ಡಿಯಲ್ಲ.

ಮೇಷ್ಟ್ರು ಅತ್ತುಬಿಟ್ಟರು. ಸತ್ಯ ಗೆದ್ದಿತು ಎಂದರು. ತಪ್ಪು ಮಾಡಿದವಳ ಕೈಯಿಂದಲೇ ಅಣ್ಣಯ್ಯ ಉಪವಾಸ ಮುರಿಯಬೇಕು, ಲೋಕಕ್ಕೆ ಅದಕ್ಕಿಂತ ದೊಡ್ಡ ಪಾಠವಿಲ್ಲ ಎಂದರು. ಕೆಂಗೇರಿಗೆ ಆಳು ಓಡಿ, ಸ್ಟೇಷನ್ನಿನ ಹತ್ತಿರದ ಫೋಟೋದವನನ್ನು ಕರೆತಂದ. ಅವನು ಬರುವವರೆಗೆ ಅಪ್ಪ ಕುಡಿಯಲಿಲ್ಲ, ಅವ್ವನೂ ಉಣ್ಣಲಿಲ್ಲ, ಮಗು ಬೆಕ್ಕಿನ ಮರಿಯ ಹಾಗೆ ಅಳುತ್ತಲೇ ಇತ್ತು. ಅಜ್ಜಿ ಜಗುಲಿಗೆ ಹೋಗಿ ಉಗಿದು ಬಂದಳು. ಕೊನೆಗೆ ಚೌಡಿ ಪಾನಕದ ಲೋಟ ಹಿಡಿದಳು. ಕೈ ಮುಖಕ್ಕೆ ಅಡ್ಡ ಬರುತ್ತದೆ, ಸ್ವಲ್ಪ ಆಚೆ ನಿಲ್ಲಮ್ಮ ಎಂದು ಫೋಟೋದವನು ಅವಳನ್ನು ಪಕ್ಕಕ್ಕೆ ಸರಿಸಿದ. ಅದಕ್ಕೇ ಪುಸ್ತಕದಲ್ಲಿ ಮೊಣಕೈವರೆಗೆ ಮಾತ್ರ ಇರುವುದು.

"ನಿನ್ನ ಕ್ಷಮಿಸಿದೀನಿ ಮಗಳೇ" ಎಂದ ಅಪ್ಪ ಎಲ್ಲರಿಗೂ ಕೇಳುವ ಹಾಗೆ. ಜನ ಕೈ ಮುಗಿದರು.

ಅವ್ವ ಉಂಡಳು. ಇಳಿಹೊತ್ತಿಗೆ ಹಾಲು ಒಸರಿತು. ಮಗು ಬದುಕಿತು. ಈಗ ಅವನಿಗೆ ಮೂವರು ಮೊಮ್ಮಕ್ಕಳು, ಚಂದ್ರಾ ಲೇಔಟಿನಲ್ಲಿ ಮನೆ, ಈ ಕಥೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಫೋಟೋದವನು ಹೋದ ಮೇಲೆ, ಹೊತ್ತು ಮುಳುಗುವುದಕ್ಕೆ ಮೊದಲೇ, ಅಪ್ಪ ಚೌಡಿಯ ಚಿಕ್ಕಪ್ಪನಿಗೆ ಹೇಳಿಕಳಿಸಿದ. ಕ್ಷಮಿಸುವುದು ಬೇರೆ, ಕೇಂದ್ರದಲ್ಲಿ ಇಟ್ಟುಕೊಳ್ಳುವುದು ಬೇರೆ ಎಂದು ಮೇಷ್ಟ್ರೇ ವಿವರಿಸಿದರು. ಆ ಚಿಕ್ಕಪ್ಪ ಸುಂಕದಕಟ್ಟೆ ಕಡೆ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ರಾತ್ರಿಯೇ ಬಂದವನು ಜಗುಲಿಯ ಕೆಳಗೇ ನಿಂತಿದ್ದ. ಚೌಡಿ ಕೊಟ್ಟಿಗೆಗೆ ಹೋಗಿ ಸೂರಿನಿಂದ ತನ್ನ ತಟ್ಟೆ ತೆಗೆದುಕೊಂಡಳು. ಅದೊಂದೇ ಅವಳದಾಗಿದ್ದದ್ದು. ಅವ್ವ ಒಂದು ಮುದ್ದೆ ಎಲೆಯಲ್ಲಿ ಕಟ್ಟಿ, ಮೇಲಿಂದ ಅವಳ ಕೈಗೆ ಹಾಕಿದಳು. ನಾನು ಜಗುಲಿಯ ಮೇಲೆ ನಿಂತಿದ್ದೆ. ಅವಳು ಹೋಗುವಾಗ ನಿಂತು ಹೇಳಿದಳು:

"ಹಂಜಿ ಬಿಗಿಯಾಗಿ ಹಿಡಿಬ್ಯಾಡ ಕಣವ್ವ. ಅದಕ್ಕೇ ನಿಂದು ತುಂಡಾಗದು."

ಅಷ್ಟೆ. ಆಮೇಲೆ ನಾನು ಅವಳನ್ನು ನೋಡಲಿಲ್ಲ. ನನ್ನನ್ನು ಕೊಟ್ಟದ್ದು ಕಾಮಾಕ್ಷಿಪಾಳ್ಯಕ್ಕೆ. ಅಲ್ಲಿಂದ ಸುಂಕದಕಟ್ಟೆಗೆ ಮಾಗಡಿ ರೋಡು ಹಿಡಿದರೆ ಮುಕ್ಕಾಲು ಗಂಟೆಯ ನಡಿಗೆ. ಐವತ್ತು ವರ್ಷ ಅಲ್ಲಿದ್ದೆ. ಒಂದು ಸಲವೂ ನಡೆಯಲಿಲ್ಲ. ಬಸ್ಸಿನಲ್ಲಿ ಆ ಕಡೆ ಹೋಗುವಾಗ ಗೂಡುಗಳಿದ್ದ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. ದುಃಖ ಎಂದಲ್ಲ. ಗುರುತು ಹಿಡಿದಾಳು ಎಂದು.

ತರಬೇತಿ ಶಾಲೆ ನಮ್ಮೂರಿಗೇ ಬಂತು. ಉಪವಾಸದ ಸುದ್ದಿಯೂ ಫೋಟೋವೂ ದೊಡ್ಡವರಿಗೆ ತಲುಪಿ, ಇಂಥ ಮನುಷ್ಯ ಇರುವ ಊರೇ ಆಗಬೇಕು ಎಂದರಂತೆ. ಆ ಶಾಲೆಯಲ್ಲಿ ನೂರಾರು ಹೆಣ್ಣುಮಕ್ಕಳು ನೂಲುವುದು, ಓದುವುದು ಕಲಿತು ಬದುಕು ಕಂಡುಕೊಂಡರು. ಅದೂ ಸುಳ್ಳಲ್ಲ.

ಇನ್ನು ಚೌಡಿ ಹೋದ ಮಾರನೆಯ ಬೆಳಿಗ್ಗೆಯದು ಹೇಳಬೇಕು. ಪ್ರಾರ್ಥನೆ ಮುಗಿದಿತ್ತು. ನಾನು ಪಡಸಾಲೆಗೆ ಹೋಗಿ ನನ್ನ ಚರಕದ ಮುಂದೆ ಕೂರಲಿಲ್ಲ, ಚೌಡಿಯ ಚರಕದ ಮುಂದೆ ಕೂತೆ. ಕದಿರಿನಲ್ಲಿ ಅವಳು ನೂತ ನೂಲು ಹಾಗೇ ಇತ್ತು, ಪಕ್ಕದಲ್ಲಿ ಮುಕ್ಕಾಲು ಆಗಿದ್ದ ಅವಳ ಲಡಿ. ಕರಿ ದಾರ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡೆ. ಅವಳು ನಿಲ್ಲಿಸಿದ್ದ ಎಳೆಯ ತುದಿಗೆ ಹಂಜಿ ಹಚ್ಚಿ, ಬಿಗಿ ಹಿಡಿಯದೆ ಎಳೆದೆ. ತುಂಡಾಗಲಿಲ್ಲ. ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಲಡಿ ತುಂಬಿತು. ತೆಗೆದುಕೊಂಡು ಹೋಗಿ ನನ್ನದೆಂದು ಅಪ್ಪನ ಮುಂದೆ ಹಿಡಿದೆ. ಅವನು ಬೆರಳಲ್ಲಿ ಎಳೆ ಸವರಿ ನೋಡಿದ. ಅಂಥ ಎಳೆ ಮನೆಯಲ್ಲಿ ಯಾರ ಕೈಯದು ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ, ಮುದ್ದೆ ಬಾಯಿಗಿಟ್ಟರೆ ಹಿಟ್ಟಿನ ಮಿಷನ್ನು ಗೊತ್ತಾಗುತ್ತಿದ್ದವನಿಗೆ.

"ನಿನ್ ಕೈ ತಿದ್ತು ಕಣೇ" ಎಂದ.

ಪಂಚೆಯ ಸೊಂಟದ ಮಡಿಕೆಯಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟ. ಅಜ್ಜಿಯ ಸೀರೆಯ ಅಂಚಿನ ಕೆಂಪು ಚೂರು. ಹಾರದಿಂದ ಕಳೆದುಹೋಯಿತು ಎಂದುಕೊಂಡಿದ್ದ ನನ್ನ ಕಟ್ಟು, ಮೂರು ದಿನ ಅವನ ಸೊಂಟದಲ್ಲೇ ಇದ್ದು ಬೆವರಿಗೆ ಮೆತ್ತಗಾಗಿತ್ತು.

"ಕಟ್ಟು" ಎಂದ.

ಕಟ್ಟಿದೆ. ಆಮೇಲೆ ಒಳಗೆ ಹೋಗಿ ಉಂಡೆ.